ಆಸ್ಟ್ರೇಲಿಯಾದ ಕನ್ನಡಿಗರಿಗೊಂದು ಬಹಿರಂಗ ಪತ್ರ: ಈ ನೆಲದ ಮಕ್ಕಳ ಇಮ್ಮುಖ ಶಾಲೆಗಳ ಬಗ್ಗೆ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಮತ್ತು ವಾರಾಂತ್ಯದ ಕನ್ನಡ ಶಾಲೆಗಳ ಪೋಷಕರಿಗೆ ನಮಸ್ಕಾರಗಳು.

ನಮ್ಮ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಲ್ಲಿ ನಾಡಗೀತೆಗೂ ಮೊದಲು ಯಾರಾದರೊಬ್ಬರು ವೇದಿಕೆಗೆ ಬಂದು, ನಾವು ಸೇರಿರುವ ಈ ನೆಲದ ಸಾಂಪ್ರದಾಯಿಕ ಒಡೆಯರಾದ ಮೂಲನಿವಾಸಿಗಳಿಗೂ ಅವರ ಹಿರಿಯರಿಗೂ ಗೌರವ ಸಲ್ಲಿಸುವ ಎರಡು ಸಾಲುಗಳನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಆ ಚೀಟಿಯನ್ನು ಬರೆದುಕೊಡುವ ಕೆಲಸ ಹಲವು ಸಲ ನನ್ನ ಪಾಲಿಗೆ ಬಂದಿದೆ. ಒಡೆಯರ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿ, ಕಾಗುಣಿತ ಸರಿಯಿದೆಯೇ ಎಂದು ನೋಡಿ ಬರೆದುಕೊಟ್ಟಿದ್ದೇನೆಯೇ ಹೊರತು, ಆ ಜನರ ಭಾಷೆ ಯಾವುದು, ಅದನ್ನು ಇಂದು ಯಾವ ಮಗುವಾದರೂ ಶಾಲೆಯಲ್ಲಿ ಕಲಿಯುತ್ತಿದೆಯೇ ಎಂದು ಬಹಳ ಕಾಲ ಕೇಳಿಕೊಂಡವಳಲ್ಲ. ಅದೇ ಸಭಾಂಗಣದ ಹಿಂಬದಿಯಲ್ಲಿ, ಚಹಾ ಲೋಟ ಹಿಡಿದು ನಿಂತಾಗ, "ಮೂಲನಿವಾಸಿ ಮಕ್ಕಳು ಶಾಲೆಗೇ ಹೋಗುವುದಿಲ್ಲವಂತೆ, ಸರ್ಕಾರ ಎಷ್ಟು ಕೊಟ್ಟರೂ ಅಷ್ಟೇ" ಎಂಬ ಮಾತು ನಮ್ಮಲ್ಲಿ ಬರುತ್ತದೆ. ಅದನ್ನು ಆಡಿದವರ ಮೇಲೆ ನನಗೆ ಸಿಟ್ಟಿಲ್ಲ, ಏಕೆಂದರೆ ನಾನೂ ಹಿಂದೆ ತಲೆಯಾಡಿಸಿದವಳೇ. ಆದರೆ ಆ ಮಾತಿನಲ್ಲಿ 'ಶಾಲೆ' ಎಂಬ ಪದವನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತಿದ್ದೇವೆ, ಯಾರ ಶಾಲೆ, ಯಾರು ನಡೆಸುವ ಶಾಲೆ ಎಂಬುದನ್ನು ಬಿಡಿಸಿ ನೋಡದೆ ನಾವು, ಈ ದೇಶದ ಮತದಾರರು, ಆ ಮಕ್ಕಳ ಬಗ್ಗೆ ತೀರ್ಮಾನಕ್ಕೆ ಬರಬಾರದೆಂದು ಈಗ ನನಗೆ ಅನ್ನಿಸುತ್ತದೆ. ಅದಕ್ಕಾಗಿ, ಮೂಲನಿವಾಸಿಗಳ ಭಾಷೆ, ತಿಳಿವುಗಳನ್ನೂ ಇಂಗ್ಲಿಷನ್ನೂ ಸಮನಾಗಿ ಕಲಿಸಲು ಹೊರಟ ಇಮ್ಮುಖ ('ಟೂ ವೇ') ಶಾಲೆಗಳ ಬಗ್ಗೆ ಈ ಪತ್ರ.

ನಾರ್ದರ್ನ್ ಟೆರಿಟರಿಯ ಈಶಾನ್ಯ ತುದಿಯಲ್ಲಿ, ಆರ್ನೆಮ್ ಲ್ಯಾಂಡಿನ ಸಮುದ್ರದಂಚಿನಲ್ಲಿ, ಯಿರ್ಕಲ ಎಂಬ ಊರಿದೆ. ಅಲ್ಲಿನ ಜನ ತಮ್ಮನ್ನು ಯೋಲ್ಙು ಎಂದು ಕರೆದುಕೊಳ್ಳುತ್ತಾರೆ. 1935ರಲ್ಲಿ ಮೆಥೊಡಿಸ್ಟ್ ಮಿಷನ್ ಅಲ್ಲಿ ನೆಲೆಯೂರಿತು. 1963ರಲ್ಲಿ ಸರ್ಕಾರವು ಅವರನ್ನು ಕೇಳದೆಯೇ ಅವರ ನೆಲವನ್ನು ಬಾಕ್ಸೈಟ್ ಗಣಿಗಾರಿಕೆಗೆ ಬಿಟ್ಟುಕೊಡಲು ಮುಂದಾದಾಗ, ಯೋಲ್ಙು ಹಿರಿಯರು ಮರದ ತೊಗಟೆಯ ಹಲಗೆಗಳ ಅಂಚಿನಲ್ಲಿ ತಮ್ಮ ಕುಲಗಳ ಚಿತ್ರಗಳನ್ನು ಬರೆದು, ನಡುವೆ ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಬೆರಳಚ್ಚು ಮಾಡಿದ ಮನವಿಯನ್ನು ಅಂಟಿಸಿ ಕ್ಯಾನ್ಬೆರಾದ ಸಂಸತ್ತಿಗೆ ಕಳುಹಿಸಿದರು. ಎರಡು ಭಾಷೆ, ಎರಡು ಕಾನೂನುಗಳನ್ನು ಒಂದೇ ಹಲಗೆಯ ಮೇಲೆ ಸಮನಾಗಿ ನಿಲ್ಲಿಸಿದ ಆ ಮನವಿ ಗಣಿಯನ್ನು ತಡೆಯಲಿಲ್ಲ, 1971ರಲ್ಲಿ ನ್ಯಾಯಾಲಯವೂ ಅವರ ವಿರುದ್ಧವೇ ತೀರ್ಪಿತ್ತಿತು. ಆದರೆ ಅಲ್ಲಿಂದ ಹುಟ್ಟಿದ ಒತ್ತಡವೇ ಮುಂದೆ 1976ರ ಭೂಹಕ್ಕು ಕಾಯಿದೆಗೆ ದಾರಿಯಾಯಿತು. ಯಿರ್ಕಲದ ಶಾಲೆಯ ಕಥೆಯನ್ನು ಹೇಳುವಾಗ ಈ ಹಲಗೆಗಳಿಂದ ತೊಡಗುವುದಕ್ಕೆ ಕಾರಣವಿದೆ: ಶಾಲೆಯಲ್ಲಿ ಅವರು ಕೇಳಿದ್ದೂ ಅದೇ, ಎರಡೂ ಒಂದೇ ಹಲಗೆಯ ಮೇಲೆ, ಸಮನಾಗಿ.

1972ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಗಾಫ್ ವಿಟ್ಲಮ್ ಅವರ ಸರ್ಕಾರವು ಟೆರಿಟರಿಯ ಮೂಲನಿವಾಸಿ ಮಕ್ಕಳಿಗೆ ಅವರ ಭಾಷೆಯಲ್ಲೇ ಮೊದಲ ಓದುಬರಹ ಕಲಿಸುವುದಾಗಿ ಘೋಷಿಸಿತು, ಮತ್ತು ಯಿರ್ಕಲದಲ್ಲಿ 1974ರಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು. ಎಳೆಯ ತರಗತಿಗಳಲ್ಲಿ ಹೆಚ್ಚಿನ ಪಾಠ ಮನೆಮಾತಿನಲ್ಲಿ, ಇಂಗ್ಲಿಷ್ ಮೊದಲು ಬಾಯಿಮಾತಾಗಿ, ಆಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಬರಹವಾಗಿ. ಮಕ್ಕಳ ಓದಿಗಾಗಿ ಊರಿನಲ್ಲೇ ಪುಸ್ತಕ ಸಿದ್ಧಪಡಿಸುವ ಕೇಂದ್ರವೊಂದು ಹುಟ್ಟಿಕೊಂಡಿತು. ಯಾವ ನುಡಿಯಲ್ಲಿ ಬರೆಯಬೇಕು ಎಂಬುದು ಅಲ್ಲೂ ಸುಲಭದ ಪ್ರಶ್ನೆಯಾಗಿರಲಿಲ್ಲ, ಏಕೆಂದರೆ ಯೋಲ್ಙು ಕುಲಗಳಿಗೆ ತಮ್ಮ ತಮ್ಮದೇ ನುಡಿಗಳಿವೆ. ಮೊದಲು ಗುಮಾಚ್ ನುಡಿಯನ್ನು ಆರಿಸಿಕೊಂಡರು. ಮುಂದೆ, ಬೇರೆಬೇರೆ ಕುಲದ ಮಕ್ಕಳು ಒಟ್ಟಿಗೆ ಬೆಳೆಯುತ್ತಾ ತಮ್ಮೊಳಗೆ ರೂಪಿಸಿಕೊಂಡ ಧುವಯ ಎಂಬ ಸಾಮಾನ್ಯ ನುಡಿಗೂ ತರಗತಿಯಲ್ಲಿ ಜಾಗ ಕೊಟ್ಟರು. ಧಾರವಾಡದ ಕನ್ನಡವೋ ಮೈಸೂರಿನ ಕನ್ನಡವೋ ಕುಂದಾಪುರದ ಕನ್ನಡವೋ ಎಂದು ನಮ್ಮ ವಾರಾಂತ್ಯದ ಶಾಲೆಗಳ ಪಠ್ಯ ಸಮಿತಿಯಲ್ಲಿ ವಾದಿಸಿದವರಿಗೆ ಆ ಸಭೆಗಳು ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಭಾಷೆಯನ್ನು ತರಗತಿಗೆ ತರುವುದರಷ್ಟಕ್ಕೇ ಯೋಲ್ಙು ಹಿರಿಯರು ತೃಪ್ತರಾಗಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಕಥೆಯ ತಿರುಳು. ಇಂಗ್ಲಿಷ್ ಪಠ್ಯವನ್ನು ಯೋಲ್ಙು ಮಾತಿಗೆ ಅನುವಾದಿಸಿ ಕಲಿಸಿದರೆ ಅದು ಬಿಳಿಯರ ಶಾಲೆಯೇ, ಬೇರೆ ಅಂಗಿ ತೊಟ್ಟಿದೆ ಅಷ್ಟೇ, ಎಂಬ ಅತೃಪ್ತಿ 1980ರ ದಶಕದಲ್ಲಿ ಬಲವಾಯಿತು. ಆಗ ಹಿರಿಯರು ಮತ್ತು ಯೋಲ್ಙು ಶಿಕ್ಷಕರು ತಮ್ಮದೇ ಜ್ಞಾನದೊಳಗಿಂದ ಕೆಲವು ಪರಿಕಲ್ಪನೆಗಳನ್ನು ಶಾಲೆಯ ಅಡಿಪಾಯವಾಗಿ ಕೊಟ್ಟರು. ಅವುಗಳಲ್ಲಿ 'ಗನ್ಮ' ಒಂದು. ಒಳನಾಡಿನಿಂದ ಬರುವ ಸಿಹಿನೀರಿನ ಹೊಳೆಯೂ ಕಡಲಿನಿಂದ ಒಳನುಗ್ಗುವ ಉಪ್ಪುನೀರೂ ಸಂಧಿಸುವ ಅಳಿವೆಯಲ್ಲಿ ಎರಡೂ ಬೆರೆತು ನೊರೆಯೇಳುತ್ತದೆ. ಒಂದು ಇನ್ನೊಂದನ್ನು ಕೊಚ್ಚಿಕೊಂಡು ಹೋಗುವುದಿಲ್ಲ, ಎರಡಕ್ಕೂ ತಮ್ಮ ತಮ್ಮ ಮೂಲ ಉಳಿದಿರುತ್ತದೆ, ಆದರೂ ನಡುವೆ ಹೊಸದೇನೋ ಉಂಟಾಗುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯೋಲ್ಙುಗಳಿಗೆ ಇದು ಶಾಲೆಗಾಗಿ ಹೊಸೆದ ಉಪಮೆಯಲ್ಲ, ಅವರ ಹಾಡು, ಚಿತ್ರ, ಕುಲಸಂಬಂಧಗಳಲ್ಲಿ ಮೊದಲೇ ನೆಲೆಸಿದ್ದ ತಿಳಿವು. ಅದನ್ನು ಪಠ್ಯಕ್ರಮದ ಸಿದ್ಧಾಂತವಾಗಿ ಮುಂದಿಟ್ಟವರು ಆ ತಿಳಿವಿನ ಹಕ್ಕುಳ್ಳ ಹಿರಿಯರೇ.

ಗಣಿತದ ಪಾಠವನ್ನೇ ನೋಡಿ. ಯಿರ್ಕಲದಲ್ಲಿ ರೂಪಿಸಿದ 'ಗರ್ಮ' ಎಂಬ ಹೆಸರಿನ ಗಣಿತದ ಪಠ್ಯಕ್ರಮದಲ್ಲಿ ಯೋಲ್ಙುಗಳ ಕಡೆಯಿಂದ ಬಂದದ್ದು 'ಗುರ್ರುಟು', ಅಂದರೆ ನೆಂಟಸ್ತಿಕೆಯ ವ್ಯವಸ್ಥೆ, ಮತ್ತು 'ಜಲ್ಕಿರಿ', ಅಂದರೆ ಹೆಜ್ಜೆ, ಬುನಾದಿ, ನೆಲದ ಮೇಲೆ ಪೂರ್ವಿಕರು ನಡೆದು ಹೋದ ಗುರುತು. ಪಾಶ್ಚಾತ್ಯ ಗಣಿತದಲ್ಲಿ ಸಂಖ್ಯೆಗಳು ಜಗತ್ತನ್ನು ಕ್ರಮಕ್ಕೆ ತರುವಂತೆ ಯೋಲ್ಙು ಜಗತ್ತಿನಲ್ಲಿ ನೆಂಟಸ್ತಿಕೆಯ ಹೆಸರುಗಳು ಎಲ್ಲವನ್ನೂ ಕ್ರಮಕ್ಕೆ ತರುತ್ತವೆ. ಅವು ತಲೆಮಾರುಗಳುದ್ದಕ್ಕೂ ನಿಯಮಬದ್ಧವಾಗಿ ಮರುಕಳಿಸುತ್ತವೆ, ಮನುಷ್ಯರನ್ನಷ್ಟೇ ಅಲ್ಲದೆ ಜಾಗಗಳನ್ನೂ ಪ್ರಾಣಿಗಳನ್ನೂ ಗಾಳಿಗಳನ್ನೂ ಸಂಬಂಧಗಳೊಳಗೆ ತರುತ್ತವೆ. ಇಂಗ್ಲಿಷ್ ಮನೆಮಾತಿನ ಶಿಕ್ಷಕರಿಗೆ ಇದು ಅರ್ಥವಾಗಲು ವರ್ಷಗಳೇ ಬೇಕಾಗುತ್ತವೆ. ನಮಗೆ ಬೇಗ ಅರ್ಥವಾಗಬೇಕು. ಯೋಲ್ಙು ಮಗು ತಂದೆಯನ್ನೂ ತಂದೆಯ ಅಣ್ಣತಮ್ಮಂದಿರನ್ನೂ ಒಂದೇ ಪದದಿಂದ, 'ಬಾಪ' ಎಂದು ಕರೆಯುತ್ತದೆ. ನಾವು ದೊಡ್ಡಪ್ಪ, ಚಿಕ್ಕಪ್ಪ ಎನ್ನುವಾಗಲೂ ಅಪ್ಪನೆಂಬ ಪದ ಅಲ್ಲೇ ಕೂತಿದೆಯಲ್ಲವೇ? ತಾಯಿಗೂ ತಾಯಿಯ ಅಕ್ಕತಂಗಿಯರಿಗೂ ಅಲ್ಲಿ ಒಂದೇ ಪದ; ನಮಗೆ ದೊಡ್ಡಮ್ಮ, ಚಿಕ್ಕಮ್ಮ. ತಾಯಿಯ ಅಣ್ಣತಮ್ಮಂದಿರಿಗೆ ಮಾತ್ರ ಬೇರೆಯೇ ಹೆಸರು, 'ಙಪಿಪಿ'. ನಮ್ಮ ಸೋದರಮಾವನ ಹಾಗೆ. ಇದರಿಂದ ನಾವೂ ಅವರೂ ಒಂದೇ ಮೂಲದವರೆಂದು ವಾಟ್ಸ್ಆ್ಯಪ್ ಸಂದೇಶಗಳ ಮಾದರಿಯಲ್ಲಿ ಹೇಳಲು ಹೊರಟಿಲ್ಲ, ದಯವಿಟ್ಟು ಹಾಗೆ ಹಂಚಬೇಡಿ. ಆದರೆ ಎಲ್ಲರನ್ನೂ 'ಅಂಕಲ್' ಒಂದರಲ್ಲೇ ಮುಗಿಸುವ ಭಾಷೆಯಲ್ಲಿ ಮಾತ್ರ ಓದಿದ ಮಗು ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಕನ್ನಡದ ಮನೆಗಳಿಗೆ ಚೆನ್ನಾಗಿ ಗೊತ್ತು. ಯೋಲ್ಙು ಮಗುವಿನ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಯಾರು ಯಾವ ನೆಲಕ್ಕೆ ಹೊಣೆ, ಯಾವ ವಿಧಿಯಲ್ಲಿ ಯಾರ ಪಾತ್ರವೇನು ಎಂಬುದೆಲ್ಲವೂ ಆ ಹೆಸರುಗಳಲ್ಲೇ ಅಡಗಿದೆ. ತಾಯಿಯ ಕುಲದ ನೆಲಕ್ಕೆ ಮಗು ಕಾವಲುಗಾರ. ಆ ತಾಯಿಮಗುವಿನ ಸಂಬಂಧಕ್ಕೇ 'ಯೋಥು ಯಿಂಡಿ' ಎಂದು ಹೆಸರು.

ಇನ್ನೊಂದು ಪುಟ್ಟ ಸಂಗತಿಯನ್ನು ಹೇಳದಿರಲಾರೆ. ವರ್ಣಮಾಲೆ ಕಲಿಸುವಾಗ 'ಙ' ಅಕ್ಷರ ಬಂದೊಡನೆ ಇದರಿಂದ ಶುರುವಾಗುವ ಪದ ಯಾವುದೆಂದು ಮಕ್ಕಳು ಕೇಳುತ್ತಾರೆ, ನಾವು ತಡವರಿಸುತ್ತೇವೆ. ಯೋಲ್ಙು ಭಾಷೆಗಳಲ್ಲಿ ಆ ಧ್ವನಿಯಿಂದಲೇ ಮೊದಲಾಗುವ ಪದಗಳು ಬೇಕಾದಷ್ಟಿವೆ. ನಮ್ಮ ಟ, ಡ, ಣ, ಳಗಳನ್ನು ಹೋಲುವ ಧ್ವನಿಗಳೂ ಇವೆ. ಇಂಗ್ಲಿಷ್ ಅಕ್ಷರಗಳಿಗೆ ನಿಲುಕದ ಆ ಧ್ವನಿಗಳನ್ನು ಅಡಿಗೆರೆಗಳು, ವಿಶೇಷ ಚಿಹ್ನೆಗಳ ನೆರವಿನಿಂದ ಬರೆಯುತ್ತಾರೆ. ಮೊದಲ ತರಗತಿಯ ಮಗುವಿನ ಕಿವಿ ಆ ವ್ಯತ್ಯಾಸಗಳಿಗೆ ಹೊಂದಿಕೊಂಡಿರುವಾಗ, ಅವನ್ನು ಕೇಳಿಸಿಕೊಳ್ಳಲೂ ಬಾರದ ಶಿಕ್ಷಕರು ತಾವು ಮಾತ್ರ ಬಲ್ಲ ಭಾಷೆಯಲ್ಲಿ ಓದು ಕಲಿಸತೊಡಗಿದರೆ, ಹಿಂದುಳಿದವರು ಯಾರು ಎಂಬ ಪ್ರಶ್ನೆ ಅಷ್ಟು ಸರಳವಾಗಿರುವುದಿಲ್ಲ.

ಇಂಥ ಶಾಲೆಯಲ್ಲಿ ಕೆಲವು ಪಾಠಗಳಿಗೆ ಕೋಣೆ ಸಾಲದು. 'ಗಲ್ಥ' ಎಂಬ ಹೆಸರಿನಲ್ಲಿ ಶಿಕ್ಷಕರು, ಮಕ್ಕಳು, ಹಿರಿಯರು ಒಟ್ಟಾಗಿ ನಿರ್ದಿಷ್ಟವಾದ ಒಂದು ಜಾಗಕ್ಕೆ ಹೋಗಿ, ಆ ಜಾಗಕ್ಕೆ ಸಂಬಂಧಪಟ್ಟವರ ಮಾರ್ಗದರ್ಶನದಲ್ಲಿ ಅದರ ಕಥೆ, ಹಾಡು, ಗಿಡಮರ, ಮೀನು, ನೀರು, ನೆಂಟಸ್ತಿಕೆಗಳನ್ನು ಒಟ್ಟಾಗಿಯೇ ಕಲಿಯುತ್ತಾರೆ. ಹಿಂತಿರುಗಿ ಬಂದಮೇಲೆ ಅದು ಬರಹವಾಗುತ್ತದೆ, ನಕ್ಷೆಯಾಗುತ್ತದೆ, ಎಣಿಕೆಯಾಗುತ್ತದೆ. ಯಾವ ಕಥೆಯನ್ನು ಯಾರು ಹೇಳಬಹುದು, ಯಾವುದನ್ನು ಬರೆದಿಡಬಾರದು ಎಂಬುದನ್ನು ತೀರ್ಮಾನಿಸುವವರು ಆ ಹಿರಿಯರು, ಶಿಕ್ಷಣ ಇಲಾಖೆಯಲ್ಲ. 2013ರಿಂದ ಇದೇ ಪ್ರದೇಶದಲ್ಲಿ ಸ್ಥಳೀಯ ಮೂಲನಿವಾಸಿ ರೇಂಜರ್ ಪಡೆಗಳೊಂದಿಗೆ ಸೇರಿ ನಡೆಯುತ್ತಿರುವ 'ಲರ್ನಿಂಗ್ ಆನ್ ಕಂಟ್ರಿ' ಕಾರ್ಯಕ್ರಮದಲ್ಲಿ ಹೈಸ್ಕೂಲು ವಯಸ್ಸಿನವರು ಪರಿಸರ ನಿರ್ವಹಣೆಯ ವೃತ್ತಿ ಶಿಕ್ಷಣವನ್ನೂ ಪಡೆಯುತ್ತಾರೆ. ಇಮ್ಮುಖ ಎಂಬುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ: ಹೊರಗಿನಿಂದ ಬಂದ ಶಿಕ್ಷಕರೂ ಕಲಿಯಬೇಕು. ಈ ಮಾತಿನ ಮೂಲವೂ ವಿಶ್ವವಿದ್ಯಾಲಯವಲ್ಲ. 1966ರಲ್ಲಿ ವೇವ್ ಹಿಲ್ ದನಗಳ ಎಸ್ಟೇಟಿನಿಂದ ಹೊರನಡೆದು ತಮ್ಮ ನೆಲವನ್ನು ಕೇಳಿದ ಗುರಿಂಜಿ ಜನರಲ್ಲಿ ಒಬ್ಬರಾದ ಪಿಂಚರ್ ನ್ಯುರ್ಮಿಯಾರಿ ಅವರು 1970ರ ದಶಕದಲ್ಲಿ, ತಮ್ಮೂರಿಗೆ ಬೇಕಾದದ್ದು 'ಟೂ ವೇ' ಶಾಲೆ ಎಂದು ಹೇಳಿದರು. ಎರಡೂ ಕಡೆಯಿಂದ ಕೊಡುಕೊಳ್ಳುವಿಕೆ ಇರುವ ಶಾಲೆ ಎಂಬುದು ಅದರ ಆಶಯ.

ಯಿರ್ಕಲ ಶಾಲೆಗೆ 1990ರಲ್ಲಿ ಪ್ರಾಂಶುಪಾಲರಾದ ಡಾ. ಎಂ. ಯುನುಪಿಂಗು ಅವರು ಟೆರಿಟರಿಯ ಮೊದಲ ಮೂಲನಿವಾಸಿ ಪ್ರಾಂಶುಪಾಲರು. (ತೀರಿಕೊಂಡವರ ಹೆಸರನ್ನು ಕೆಲಕಾಲ ಉಚ್ಚರಿಸದಿರುವುದು ಅವರ ಸಂಪ್ರದಾಯ, ಆ ಮರ್ಯಾದೆಗಾಗಿ ಹೀಗೆ ಬರೆದಿದ್ದೇನೆ.) ಅವರು 'ಯೋಥು ಯಿಂಡಿ' ಸಂಗೀತ ತಂಡದ ಗಾಯಕರೂ ಆಗಿದ್ದರು, 1992ರಲ್ಲಿ ವರ್ಷದ ಆಸ್ಟ್ರೇಲಿಯನ್ ಗೌರವ ಪಡೆದರು, 2013ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಅವರ ಪತ್ನಿ ಯಲ್ಮಯ್ ಯುನುಪಿಂಗು ಅವರು ಸುಮಾರು ನಾಲ್ಕು ದಶಕ ಅದೇ ಶಾಲೆಯಲ್ಲಿ ದ್ವಿಭಾಷಾ ಶಿಕ್ಷಕಿಯಾಗಿದ್ದು, 2024ರಲ್ಲಿ ವರ್ಷದ ಹಿರಿಯ ಆಸ್ಟ್ರೇಲಿಯನ್ ಆಗಿ ಆಯ್ಕೆಯಾದರು. ಆ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದೆವು?

ಸರ್ಕಾರಗಳು ಇದನ್ನೆಲ್ಲ ಮೆಚ್ಚಿ ಬೆಳೆಸಿದವು ಎಂದುಕೊಂಡರೆ ತಪ್ಪಾಗುತ್ತದೆ. ಒಂದು ಕಾಲಕ್ಕೆ ಟೆರಿಟರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದ್ವಿಭಾಷಾ ಶಾಲೆಗಳಿದ್ದವು. 1998ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಆ ಯೋಜನೆಯನ್ನೇ ಹಂತಹಂತವಾಗಿ ನಿಲ್ಲಿಸುವುದಾಗಿ ಹೇಳಿತು. ಊರೂರುಗಳಿಂದ ಪ್ರತಿಭಟನೆ ಬಂದು, ಒಂದು ಪರಿಶೀಲನೆ ನಡೆದು, ಕೊನೆಗೆ ಅದು 'ಇಮ್ಮುಖ ಕಲಿಕೆ' ಎಂಬ ಹೊಸ ಹೆಸರಿನಲ್ಲಿ ಸೊರಗಿಕೊಂಡು ಉಳಿಯಿತು. ಗುರಿಂಜಿ ಹಿರಿಯರ ಮಾತು ಹೀಗೆ ಇಲಾಖೆಯ ಕಡತದ ಹೆಸರಾದದ್ದು ವಿಪರ್ಯಾಸವೇ. 2008ರ ಫೆಬ್ರವರಿಯಲ್ಲಿ ಪ್ರಧಾನಿ ಕೆವಿನ್ ರಡ್ ಅವರು ತಾಯಂದಿರಿಂದ ಕಿತ್ತುಕೊಳ್ಳಲಾದ ಮೂಲನಿವಾಸಿ ಮಕ್ಕಳ ತಲೆಮಾರುಗಳಿಗೆ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಮ್ಮಲ್ಲಿ ಹಲವರು ಅದನ್ನು ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಂಡದ್ದುಂಟು. ಅದೇ ವರ್ಷದ ಅಕ್ಟೋಬರಿನಲ್ಲಿ, ರಾಷ್ಟ್ರಮಟ್ಟದ ನ್ಯಾಪ್ಲಾನ್ ಪರೀಕ್ಷೆಯ ಮೊದಲ ಫಲಿತಾಂಶಗಳು ಬಂದ ಬೆನ್ನಿಗೇ, ಟೆರಿಟರಿಯ ಎಲ್ಲ ಶಾಲೆಗಳಲ್ಲೂ ದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ಪಾಠವಾಗಬೇಕೆಂದು ಅಲ್ಲಿನ ಸರ್ಕಾರ ಆದೇಶಿಸಿತು. ನಾಲ್ಕು ಗಂಟೆ ಕಳೆದರೆ ಉಳಿಯುವುದು ಬಿಸಿಲೇರಿದ ಮಧ್ಯಾಹ್ನ, ದಣಿದ ಮಕ್ಕಳು. ಯಿರ್ಕಲದವರು ಬಹಿರಂಗವಾಗಿಯೇ ವಿರೋಧಿಸಿದರು. 2012ರಲ್ಲಿ ಸಂಸತ್ತಿನ ಸಮಿತಿಯೊಂದು ಮೂಲನಿವಾಸಿ ಭಾಷೆಯೇ ಮನೆಮಾತಾಗಿರುವ ಮಕ್ಕಳಿಗೆ ದ್ವಿಭಾಷಾ ಶಿಕ್ಷಣ ಸಿಗಬೇಕೆಂದು ಶಿಫಾರಸು ಮಾಡಿತು. ನಾಲ್ಕು ಗಂಟೆಗಳ ನಿಯಮ ಅಷ್ಟರಲ್ಲಿ ಬಲ ಕಳೆದುಕೊಂಡಿತ್ತು. ಆದರೆ ಹೊಸ ಶಿಕ್ಷಕರ ತರಬೇತಿ, ಭಾಷಾತಜ್ಞರ ಹುದ್ದೆ, ಪುಸ್ತಕ ಕೇಂದ್ರಗಳಿಗೆ ಆ ನಡುವೆ ಬಿದ್ದ ಪೆಟ್ಟು ಒಂದು ಆದೇಶ ಹಿಂದೆಗೆದ ಮಾತ್ರಕ್ಕೆ ಮಾಯುವಂಥದ್ದಲ್ಲ.

ಹಾಜರಾತಿಯ ಮಾತಿಗೆ ಈಗ ಬರುತ್ತೇನೆ. ದೂರದ ಊರುಗಳ ಹಲವು ಶಾಲೆಗಳಲ್ಲಿ ಹಾಜರಾತಿ ಕಡಿಮೆಯಿರುವುದು ನಿಜ; ಅದನ್ನು ಮರೆಮಾಚುವುದರಿಂದ ಯಾರಿಗೂ ಉಪಕಾರವಿಲ್ಲ, ಮತ್ತು ದ್ವಿಭಾಷಾ ಶಾಲೆಗಳೆಲ್ಲವೂ ಈ ತೊಂದರೆಯಿಂದ ಪಾರಾಗಿವೆ ಎಂದೂ ನಾನು ಹೇಳಲಾರೆ. ಒಂದೇ ಮನೆಯಲ್ಲಿ ಹಲವು ಸಂಸಾರಗಳ ವಾಸ, ಕಿವಿ ಸೋರುವ ಕಾಯಿಲೆಯಿಂದ ಮಂದವಾದ ಶ್ರವಣ, ಒಂದೆರಡು ವರ್ಷಕ್ಕೇ ಬಿಟ್ಟುಹೋಗುವ ಶಿಕ್ಷಕರು, ಸಾವಿನ ವಿಧಿಗಳಿಗಾಗಿ ವಾರಗಟ್ಟಲೆ ದೂರ ಹೋಗಬೇಕಾದ ಕುಟುಂಬಗಳು, ಹೀಗೆ ಕಾರಣಗಳು ಹಲವು. ಆದರೆ ಟೆರಿಟರಿಯ ಸರ್ಕಾರ 2015ರಿಂದ ಕೆಲವು ವರ್ಷ ಅನುಸರಿಸಿದ ಪದ್ಧತಿಯನ್ನು ಗಮನಿಸಿ: ದಾಖಲಾದ ಮಕ್ಕಳ ಸಂಖ್ಯೆಯ ಬದಲು ಹಾಜರಾದವರ ಲೆಕ್ಕ ಹಿಡಿದು ಶಾಲೆಗೆ ಹಣ. ಮಕ್ಕಳು ಬಾರದಿದ್ದರೆ ಹಣ ಕಡಿತ, ಹಣ ಕಡಿತವಾದರೆ ಶಿಕ್ಷಕರ ಕಡಿತ, ಶಿಕ್ಷಕರಿಲ್ಲದಿದ್ದರೆ ಮಕ್ಕಳಿಗೆ ಬರಲು ಇನ್ನೂ ಕಡಿಮೆ ಕಾರಣ. ನಮ್ಮೂರುಗಳಲ್ಲಿ ಕಡಿಮೆ ಮಕ್ಕಳಿರುವ ಕನ್ನಡ ಶಾಲೆಗಳನ್ನು ಮುಚ್ಚುವುದಕ್ಕೋ ವಿಲೀನಗೊಳಿಸುವುದಕ್ಕೋ ಹೇಳುತ್ತಾ ಬಂದ ಕಾರಣಗಳನ್ನು ಕೇಳಿದವರಿಗೆ ಈ ಸುಳಿಯ ಪರಿಚಯವಿದ್ದೇ ಇದೆ.

ಇಷ್ಟಾದರೂ 2020ರ ಕೊನೆಯಲ್ಲಿ ಯಿರ್ಕಲ ಶಾಲೆಯ ಎಂಟು ವಿದ್ಯಾರ್ಥಿಗಳು ವಿಶ್ವವಿದ್ಯಾಲಯ ಪ್ರವೇಶಕ್ಕೆ ಬೇಕಾದ ಅಂಕಗಳೊಂದಿಗೆ ಹನ್ನೆರಡನೆಯ ತರಗತಿ ಮುಗಿಸಿದರು. ಆ ಊರಿನಲ್ಲಿ ಹಾಗೆ ಮುಗಿಸಿದ ಮೊದಲಿಗರು ಅವರು. ಎರಡೂ ಭಾಷೆಗಳಲ್ಲಿ ಓದಿ ಬೆಳೆದವರು. ಇಂಗ್ಲಿಷ್ ಬೇಡವೇ ಎಂದು ಕೇಳುವವರಿಗೆ ಉತ್ತರವಾಗಿ ಈ ಸಂಗತಿಯನ್ನು ಹೇಳುತ್ತಿದ್ದೇನೆ, ಸ್ವಲ್ಪ ಹಿಂಜರಿಕೆಯಿಂದಲೇ. ಏಕೆಂದರೆ ಆ ಶಾಲೆಯ ಯೋಗ್ಯತೆಯನ್ನು ಈ ಎಂಟರಿಂದಷ್ಟೇ ಅಳೆದರೆ ಮತ್ತೆ ನಮ್ಮ ತಕ್ಕಡಿಯಲ್ಲೇ ತೂಗಿದಂತಾಗುತ್ತದೆ. ತನ್ನ ತಾಯಿಯ ಕುಲದ ನೆಲದಲ್ಲಿ ನಡೆಯುವ ವಿಧಿಯಲ್ಲಿ ತನ್ನ ಪಾಲಿನ ಹಾಡನ್ನು ಬಲ್ಲ ಹುಡುಗನಿಗೂ ಆ ಹಿರಿಯರು ತಮ್ಮದೇ ರೀತಿಯಲ್ಲಿ ಅಂಕ ಕೊಟ್ಟಿರುತ್ತಾರೆ.

ಸರ್ಕಾರಿ ಶಾಲೆಯೊಳಗೆ ಅಧಿಕಾರಕ್ಕಾಗಿ ಹೀಗೆ ಸೆಣಸುವ ಬದಲು ತಮ್ಮದೇ ಶಾಲೆಯನ್ನು ಕಟ್ಟಿಕೊಂಡವರೂ ಇದ್ದಾರೆ. ಮುಂದೆ ಭೂಹಕ್ಕಿನ ಐತಿಹಾಸಿಕ ಮೊಕದ್ದಮೆಯಿಂದ ಹೆಸರಾದ ಎಡ್ಡಿ ಕೊಯಿಕಿ ಮಾಬೊ ಅವರು 1973ರಲ್ಲಿ ಟೌನ್ಸ್‌ವಿಲ್‌ನಲ್ಲಿ ಕಪ್ಪು ಸಮುದಾಯದ ಮಕ್ಕಳಿಗಾಗಿ ಶಾಲೆ ತೆರೆದರು. ಅದು 1985ರವರೆಗೆ ನಡೆಯಿತು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ, 1946ರ ಮುಷ್ಕರದಲ್ಲಿ ಕುರಿ ಎಸ್ಟೇಟುಗಳಿಂದ ಹೊರಬಂದ ಕೂಲಿಕಾರರ ಸಮುದಾಯವೇ 1976ರಲ್ಲಿ ಸ್ಟ್ರೆಲಿ ಶಾಲೆಯನ್ನು ಸ್ಥಾಪಿಸಿತು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಂಚಿನ ಬಿಡಾರಗಳ ಹಿರಿಯರು ತಮ್ಮ ನೆಲದ ಪೂರ್ವಿಕ ಕಂಬಳಿಹುಳುವಿನ ಹೆಸರಿನಲ್ಲಿ 1978ರಲ್ಲಿ ಆರಂಭಿಸಿದ ಯಿಪಿರಿನ್ಯ ಶಾಲೆ, ನೋಂದಣಿಗಾಗಿಯೇ 1983ರವರೆಗೆ ಹೋರಾಡಬೇಕಾಯಿತು. ಅಲ್ಲಿ ಮಕ್ಕಳಿಗೆ ಒಂದಲ್ಲ, ಹಲವು ಮಧ್ಯ ಆಸ್ಟ್ರೇಲಿಯಾದ ಭಾಷೆಗಳನ್ನು ಕಲಿಸುತ್ತಾರೆ. ಇತ್ತೀಚಿನದೆಂದರೆ ಕಾಫ್ಸ್ ಹಾರ್ಬರಿನಲ್ಲಿ ಗುಂಬಾಯ್ಂಗಿರ್ ಸಮುದಾಯ 2022ರಲ್ಲಿ ತೆರೆದ ಗೀಂಗಾನ ಶಾಲೆ. ನ್ಯೂ ಸೌತ್ ವೇಲ್ಸಿನಲ್ಲಿ ಮೂಲನಿವಾಸಿ ಭಾಷೆಯ ಮೊದಲ ದ್ವಿಭಾಷಾ ಶಾಲೆ ಅದು. ಅಲ್ಲಿನ ಸವಾಲು ಯಿರ್ಕಲದ್ದಕ್ಕೆ ತಲೆಕೆಳಗು: ಮಗು ಮನೆಯಿಂದ ಇಂಗ್ಲಿಷನ್ನು ತರುತ್ತದೆ, ಕಳೆದುಹೋಗುತ್ತಿದ್ದ ಭಾಷೆಯನ್ನು ಶಾಲೆಯಿಂದ ಮನೆಗೆ ಒಯ್ಯುತ್ತದೆ.

ನಮ್ಮ ವಾರಾಂತ್ಯದ ಶಾಲೆಗಳೂ ಇದೇ ಕೆಲಸವನ್ನು ಮಾಡುತ್ತಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ನನ್ನ ತರಗತಿಯ ಮಕ್ಕಳೆಲ್ಲ ಕನ್ನಡ ಮರೆತರೆ ಅದು ನಮ್ಮ ಮನೆಗಳ ದುಃಖ, ಕನ್ನಡದ ಅಂತ್ಯವಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡ ಮನೆಮಾತಿನವರೇ ನಾಲ್ಕು ಕೋಟಿಗೂ ಹೆಚ್ಚು. ಬ್ರಿಟಿಷರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. 2020ರ ರಾಷ್ಟ್ರೀಯ ಮೂಲನಿವಾಸಿ ಭಾಷಾ ವರದಿಯ ಪ್ರಕಾರ ಬಳಕೆಯಲ್ಲಿರುವ ಇಲ್ಲವೇ ಮರಳಿ ಚೇತರಿಸಿಕೊಳ್ಳುತ್ತಿರುವ ಭಾಷೆಗಳು 123. ಮಕ್ಕಳು ಸಹಜವಾಗಿ ಕಲಿತು ಬೆಳೆಯುತ್ತಿರುವ, ಗಟ್ಟಿಯಾಗಿರುವ ಭಾಷೆಗಳು 12 ಮಾತ್ರ. ಈ ಭಾಷೆಗಳಿಗೆ ಮರಳಿ ಹೋಗಲು ಇನ್ನೊಂದು ಊರಿಲ್ಲ, ಬೇಸಿಗೆ ರಜೆಗೆ ಹೋಗಿ ಕಲಿತುಬರಲು ಅಜ್ಜನ ಮನೆ ಬೇರೆಲ್ಲೂ ಇಲ್ಲ. ನಾವು ನಮ್ಮ ಇಷ್ಟದಿಂದ ವಿಮಾನ ಹತ್ತಿ ಬಂದು ಇಂಗ್ಲಿಷನ್ನು ಆರಿಸಿಕೊಂಡವರು. ಅವರ ಮನೆಬಾಗಿಲಿಗೆ ಅದು ಬೇರೆಯೇ ರೀತಿಯಲ್ಲಿ ಬಂತು. ಆದ್ದರಿಂದ ಸಮುದಾಯ ಭಾಷಾ ಶಾಲೆಗಳಿಗೆ ರಾಜ್ಯ ಸರ್ಕಾರಗಳು ಕೊಡುವ ಅನುದಾನವನ್ನು ನಾವು ಹಕ್ಕಿನಿಂದ ಪಡೆಯುವಾಗ, ಅವರ ಶಾಲೆಗಳಿಗೆ ಸಿಗುವುದನ್ನು 'ಎಷ್ಟು ಕೊಟ್ಟರೂ' ಎಂದು ಲೆಕ್ಕ ಹಾಕುವುದು ನಮಗೆ ಒಪ್ಪುವುದಿಲ್ಲ.

ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಚುನಾವಣೆಯ ವರ್ಷಗಳಲ್ಲಿ ನಮ್ಮ ದೀಪಾವಳಿ ವೇದಿಕೆಗೆ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಬಂದು, ಶಾಲು ಹೊದ್ದು, ನಮ್ಮ ಸಂಸ್ಕೃತಿಯನ್ನು ಹೊಗಳುತ್ತಾರೆ. ಅವರೊಡನೆ ವೀಸಾ ಮತ್ತು ವಾಹನ ನಿಲುಗಡೆಯ ವಿಷಯ ಮಾತನಾಡಿದ ಮೇಲೆ, ಮೂಲನಿವಾಸಿ ಶಿಕ್ಷಕರ ತರಬೇತಿಗೂ ಸಮುದಾಯದವರೇ ನಡೆಸುವ ದ್ವಿಭಾಷಾ ಶಾಲೆಗಳಿಗೂ ನಿಮ್ಮ ಪಕ್ಷ ಎಷ್ಟು ವರ್ಷಗಳ ಖಾತರಿ ಹಣ ಕೊಡುತ್ತದೆ ಎಂದು ಒಂದು ಪ್ರಶ್ನೆಯನ್ನೂ ಕೇಳಿ. ನಮ್ಮ ಕನ್ನಡ ಶಾಲೆಗಳ ಸಮಿತಿಗಳು ತಾವಿರುವ ನೆಲದ ಭಾಷಾ ಕೇಂದ್ರವನ್ನೋ ಹಿರಿಯರ ಮಂಡಳಿಯನ್ನೋ ಸಂಪರ್ಕಿಸಲಿ. ಅವರು ಒಪ್ಪಿದರೆ, ಅವರು ಹೇಳಿದ ಕ್ರಮದಲ್ಲಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು, ಮಕ್ಕಳಿಗೆ ಆ ನೆಲದ ಹೆಸರುಗಳನ್ನಾದರೂ ಸರಿಯಾಗಿ ಉಚ್ಚರಿಸಲು ಕಲಿಸೋಣ. ಒಪ್ಪದಿದ್ದರೆ ಕಾರಣ ಕೇಳದೆ ಹಿಂತಿರುಗೋಣ. ಮುಂದಿನ ರಾಜ್ಯೋತ್ಸವದ ಚೀಟಿಯನ್ನು ಬರೆಯುವ ಸರದಿ ನನ್ನದೇ ಆದರೆ, ಒಡೆಯರ ಹೆಸರಿನ ಪಕ್ಕದಲ್ಲಿ ಅವರ ಭಾಷೆಯ ಹೆಸರನ್ನೂ ಬರೆದುಕೊಡುತ್ತೇನೆ, ಓದುವ ಮಗುವಿಗೆ ಅದರ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ, ಬೇಕಾದಲ್ಲಿ 'ಙ' ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ವಾರಾಂತ್ಯದ ಕನ್ನಡ ಶಾಲೆಯ ಒಬ್ಬ ಸ್ವಯಂಸೇವಕ ಶಿಕ್ಷಕಿ